ಸೂಪರ್‌ಕಂಡಕ್ಟರ್ ಮೋಟಾರಿನಿಂದ ಕಬ್ಬಿಣ ತೆಗೆದಾಯ್ತು, ಈಗ ಕಾಂತಕ್ಷೇತ್ರವನ್ನು ತಡೆಯೋದು ಯಾವುದು?

ಎಂಟೆಕ್_ಕೊನೇ_ಸೆಮ್

ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟಿಗೆ ವಿಮಾನದ 2 ಮೆಗಾವ್ಯಾಟ್ ಸೂಪರ್‌ಕಂಡಕ್ಟಿಂಗ್ ಮೋಟಾರ್ ಡಿಸೈನ್ ಮಾಡುತ್ತಿದ್ದೇನೆ. ಕಟ್ಟೋದಿಲ್ಲ, ಕಂಪ್ಯೂಟರ್‌ನಲ್ಲಿ ಮಾತ್ರ. ತಿರುಗುವ ರೋಟರ್‌ನಲ್ಲಿ ಸೂಪರ್‌ಕಂಡಕ್ಟರ್ (ತುಂಬಾ ತಣ್ಣಗೆ ಮಾಡಿದರೆ ಕರೆಂಟ್‌ಗೆ ತಡೆಯೇ ಇಲ್ಲದ ವಸ್ತು) ಟೇಪಿನ ಕಾಯಿಲ್, ಅದರ ಸುತ್ತ ನಿಂತಿರುವ ಸ್ಟೇಟರ್‌ನಲ್ಲಿ ಮಾಮೂಲಿ ತಾಮ್ರ. 4 ಪೋಲ್ (ಕಾಂತ ಧ್ರುವ), ನಿಮಿಷಕ್ಕೆ 6000 ಸುತ್ತು. ಹಗುರ ಆಗಲಿ ಅಂತ ಕಬ್ಬಿಣದ ಕೋರ್ ಪೂರ್ತಿ ತೆಗೆದುಬಿಟ್ಟೆ. ಕಾಯಿಲ್ಲೇ ಅಷ್ಟು ಜೋರಾದ ಫೀಲ್ಡ್ (ಕಾಂತಕ್ಷೇತ್ರ) ಕೊಡುವಾಗ ಕಬ್ಬಿಣ ಯಾಕೆ ಅನ್ನೋದು ನನ್ನ ಲೆಕ್ಕ.

ನಿನ್ನೆ ಗೈಡ್ ಒಂದೇ ಪ್ರಶ್ನೆ ಕೇಳಿದರು. "ಹೊರಗಡೆ ಫೀಲ್ಡ್ ಎಷ್ಟಿದೆ?" ನಾನು ಅದನ್ನು ನೋಡಿಯೇ ಇರಲಿಲ್ಲ. ಹಾಸ್ಟೆಲ್‌ಗೆ ಬಂದು ನೋಡಿದರೆ ಸ್ಟೇಟರ್‌ನ ಹೊರ ಅಂಚಿನಲ್ಲಿ, ಅಂದರೆ ನಡುವಿನಿಂದ 20 ಸೆಂಟಿಮೀಟರ್ ದೂರದಲ್ಲಿ, ಸುಮಾರು 1 ಟೆಸ್ಲಾ (ಕಾಂತಕ್ಷೇತ್ರದ ಅಳತೆ) ಇದೆ! ಸುತ್ತ ಫೀಲ್ಡ್ ತಡೆಯೋ ಕಬ್ಬಿಣದ ಶೀಲ್ಡ್ ಹಾಕಬೇಕು ಅಂತಾರೆ. ಒಳಗಿಂದ ತೆಗೆದ ಕಬ್ಬಿಣವನ್ನೇ ಹೊರಗೆ ಸುತ್ತಿದರೆ ಏನು ಗಳಿಸಿದ ಹಾಗಾಯ್ತು? ಗೊತ್ತಿರುವವರು ದಯವಿಟ್ಟು ಹೇಳಿ.

ತಾಮ್ರದ_ಸುರುಳಿ

ಒಳ್ಳೆಯ ಪ್ರಶ್ನೆ. ನಾನು ಮೊದಲು ದೊಡ್ಡ ಜನರೇಟರ್‌ಗಳ ಡಿಸೈನ್‌ನಲ್ಲಿದ್ದೆ, ಆಮೇಲೆ ಕೆಲವು ವರ್ಷ ಹೊರದೇಶದಲ್ಲಿ ಸೂಪರ್‌ಕಂಡಕ್ಟಿಂಗ್ ಮೋಟಾರಿನ ಕೆಲಸ ಮಾಡಿದೆ. ಅಲ್ಲಿ ಕಲಿತ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಶೀಲ್ಡ್ ಅನ್ನೋದು ಮೋಟಾರ್ ಮುಗಿದ ಮೇಲೆ ಹಾಕುವ ಅಂಗಿ ಅಲ್ಲ. ಎಷ್ಟು ಪೋಲ್, ಎಷ್ಟು ದಪ್ಪ, ಯಾವ ಭಾಗ ತಿರುಗಬೇಕು, ಎಲ್ಲವನ್ನೂ ಅದೇ ತೀರ್ಮಾನ ಮಾಡುತ್ತೆ. ನೀವು ಅದನ್ನು ಕೊನೆಗೆ ಇಟ್ಟುಕೊಂಡಿದ್ದಕ್ಕೇ ಈಗ ಸಿಕ್ಕಿಹಾಕಿಕೊಂಡಿದ್ದೀರಿ.

ಸಾಮಾನ್ಯ ಮೋಟಾರಿನಲ್ಲಿ ಕಬ್ಬಿಣ ಎರಡು ಕೆಲಸ ಮಾಡುತ್ತೆ. ಫ್ಲಕ್ಸ್‌ಗೆ, ಅಂದರೆ ಕಾಂತಕ್ಷೇತ್ರದ ಹರಿವಿಗೆ, ಸುಲಭದ ದಾರಿ ಕೊಡೋದು ಒಂದು. ಆ ಫ್ಲಕ್ಸ್ ಹೊರಗೆ ಹೋಗದ ಹಾಗೆ ಹಿಡಿದಿಡೋದು ಇನ್ನೊಂದು. ಎರಡನೇ ಕೆಲಸವನ್ನು ಯಾರೂ ಗಮನಿಸೋದೇ ಇಲ್ಲ, ಯಾಕಂದ್ರೆ ಅದು ತಾನಾಗಿ ಆಗಿಬಿಡುತ್ತೆ. ಆದರೆ ಕಬ್ಬಿಣ 2 ಟೆಸ್ಲಾ ಹತ್ತಿರ ಸ್ಯಾಚುರೇಟ್ ಆಗುತ್ತೆ, ಅಂದರೆ ಅದಕ್ಕಿಂತ ಹೆಚ್ಚು ಫ್ಲಕ್ಸನ್ನು ಸುಲಭವಾಗಿ ಹೊರಲ್ಲ. ಸ್ಟೇಟರ್ ಕಬ್ಬಿಣದ ಹಲ್ಲುಗಳ ನಡುವೆ ತಾಮ್ರಕ್ಕೂ ಜಾಗ ಬೇಕಲ್ಲ, ಹಾಗಾಗಿ ರೋಟರ್‌ಗೂ ಸ್ಟೇಟರ್‌ಗೂ ನಡುವಿನ ಗ್ಯಾಪ್‌ನಲ್ಲಿ 1 ಟೆಸ್ಲಾ ಆಸುಪಾಸಿಗೇ ನಿಲ್ಲಬೇಕು. ಅದನ್ನು ದಾಟೋಕೆ ಅಂತಲೇ ಸೂಪರ್‌ಕಂಡಕ್ಟರ್ ತರೋದು, ಹಲ್ಲು ತೆಗೆಯೋದು. ತೆಗೆದ ಕೂಡಲೇ ಎರಡನೇ ಕೆಲಸಕ್ಕೆ ಯಾರೂ ಇಲ್ಲದ ಹಾಗಾಗುತ್ತೆ.

ನಿಮ್ಮ ಅಂಕಿಯನ್ನೇ ತಗೊಳ್ಳಿ. ಒಂದು ಪೋಲಿನಿಂದ ಹೊರಟ ಫ್ಲಕ್ಸ್ ಎರಡು ಪಾಲಾಗಿ ಅಕ್ಕಪಕ್ಕದ ಪೋಲಿಗೆ ಹೋಗಬೇಕು. ಆ ದಾರಿಯೇ ಯೋಕ್, ಅದೇ ನಿಮ್ಮ ಶೀಲ್ಡ್. ದಪ್ಪದ ಲೆಕ್ಕ ಸುಲಭ. ಅಲ್ಲಿರುವ ಫೀಲ್ಡ್ ಇಂಟು ತ್ರಿಜ್ಯ, ಭಾಗಿಸು ಪೋಲ್ ಜೋಡಿ ಇಂಟು ಕಬ್ಬಿಣದ ಮಿತಿ. 1 ಟೆಸ್ಲಾ, 20 ಸೆಂಟಿಮೀಟರ್, 2 ಜೋಡಿ, 2 ಟೆಸ್ಲಾ ಹಾಕಿದರೆ 5 ಸೆಂಟಿಮೀಟರ್ ಬರುತ್ತೆ. ಉದ್ದ 30 ಸೆಂಟಿಮೀಟರ್ ಇದ್ದರೆ ಸುಮಾರು 165 ಕೆಜಿ. ನಾಸಾದ ಗ್ಲೆನ್ ಕೇಂದ್ರದವರು ತಮ್ಮ 1.4 ಮೆಗಾವ್ಯಾಟ್ ಮೋಟಾರಿಗೆ ಇಟ್ಟುಕೊಂಡ ಗುರಿ ಕೆಜಿಗೆ 16 ಕಿಲೋವ್ಯಾಟ್. ಆ ಲೆಕ್ಕದಲ್ಲಿ ನಿಮ್ಮ 2 ಮೆಗಾವ್ಯಾಟ್‌ಗೆ ಇಡೀ ಮೋಟಾರೇ 125 ಕೆಜಿ ಇರಬೇಕು. ಶೀಲ್ಡ್ ಒಂದೇ ಅದನ್ನು ದಾಟಿತು ನೋಡಿ.

ಈಗ 8 ಪೋಲ್ ಮಾಡಿ, ಅಂದರೆ 4 ಜೋಡಿ. ದಪ್ಪ ಎರಡೂವರೆ ಸೆಂಟಿಮೀಟರ್, ತೂಕ 78 ಕೆಜಿ. 12 ಪೋಲ್ ಮಾಡಿದರೆ 51 ಕೆಜಿ. ಬೇರೇನೂ ಬದಲಾಗಿಲ್ಲ, ಪೋಲ್ ಮಾತ್ರ ಜಾಸ್ತಿಯಾಯ್ತು.

ಎಂಟೆಕ್_ಕೊನೇ_ಸೆಮ್

ಸರ್, ತುಂಬಾ ಥ್ಯಾಂಕ್ಸ್. ಹಾಗಾದರೆ ಸೀದಾ 20 ಪೋಲ್ ಮಾಡಬಹುದಲ್ವಾ? ಯಾಕೆ ಎಲ್ಲರೂ ಹಾಗೆ ಮಾಡಲ್ಲ?

ತಾಮ್ರದ_ಸುರುಳಿ

ಮಾಡಲ್ಲ, ಯಾಕಂದ್ರೆ ಪೋಲ್ ಜಾಸ್ತಿಯಾದಷ್ಟೂ ಫೀಲ್ಡ್ ದೂರ ಹೋಗಲ್ಲ. ಹೊರಗೆ ಹೋಗಬಾರದು ಅಂತ ನಾವು ಬಯಸುವ ಗುಣವೇ ಒಳಗೆ ಶತ್ರು ಆಗುತ್ತೆ. ಪೋಲ್ ಜೋಡಿಗೆ ಒಂದು ಸೇರಿಸಿ, ಅಷ್ಟು ಘಾತದಲ್ಲಿ ಫೀಲ್ಡ್ ಇಳಿಯುತ್ತೆ. ಸೂಪರ್‌ಕಂಡಕ್ಟರ್ ಕಾಯಿಲ್ ತಣ್ಣಗಿರಬೇಕು, ಅದರ ಸುತ್ತ ವ್ಯಾಕ್ಯೂಮ್ ಬೇಕು, ವ್ಯಾಕ್ಯೂಮ್ ಹಿಡಿಯೋಕೆ ಗೋಡೆ ಬೇಕು, ಅದರಾಚೆ ತಿರುಗೋಕೆ ಗ್ಯಾಪ್ ಬೇಕು. ಕಾಯಿಲ್ 15 ಸೆಂಟಿಮೀಟರ್ ತ್ರಿಜ್ಯದಲ್ಲಿದ್ದು ತಾಮ್ರ 18ರಲ್ಲಿದ್ದರೆ, 4 ಪೋಲ್ ಮೋಟಾರಿನಲ್ಲಿ ಶೇ 58ರಷ್ಟು ಫೀಲ್ಡ್ ತಾಮ್ರ ಮುಟ್ಟುತ್ತೆ. 8 ಪೋಲ್‌ಗೆ ಶೇ 40. 12 ಪೋಲ್‌ಗೆ ಶೇ 28. ಉಳಿದದ್ದು ದಾರಿಯಲ್ಲೇ ಹೋಯ್ತು. ಅದನ್ನು ತುಂಬೋಕೆ ಟೇಪ್ ಜಾಸ್ತಿ ಸುತ್ತಬೇಕು, ಟೇಪ್ ಬಲು ದುಬಾರಿ. ಜೊತೆಗೆ ಫ್ರೀಕ್ವೆನ್ಸಿ ಏರುತ್ತೆ. ನಿಮ್ಮ ವೇಗಕ್ಕೆ 4 ಪೋಲ್ ಅಂದರೆ 200 ಹರ್ಟ್ಸ್, 12 ಪೋಲ್ ಅಂದರೆ 600. ತಾಮ್ರದ ಮತ್ತು ಯೋಕಿನ ಲಾಸ್ ಎಲ್ಲಾ ಅದರ ಜೊತೆ ಮೇಲೇರುತ್ತೆ.

ಅದಕ್ಕೇ ಹಡಗಿನ ಮೋಟಾರಿಗೂ ವಿಮಾನದ ಮೋಟಾರಿಗೂ ಉತ್ತರ ಬೇರೆ ಬರೋದು. ಅಮೆರಿಕನ್ ಸೂಪರ್‌ಕಂಡಕ್ಟರ್ ಮತ್ತು ನಾರ್ಥ್‌ರಾಪ್ ಗ್ರಮನ್ ಸೇರಿ ಅಮೆರಿಕದ ನೌಕಾಪಡೆಗೆ 36.5 ಮೆಗಾವ್ಯಾಟ್ ಮೋಟಾರ್ ಮಾಡಿದರು. 2009ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಪೂರ್ತಿ ಲೋಡ್‌ನಲ್ಲಿ ಓಡಿಸಿದರು. ನಿಮಿಷಕ್ಕೆ 120 ಸುತ್ತು, 16 ಪೋಲ್. ಲೆಕ್ಕ ಹಾಕಿ, 16 ಹರ್ಟ್ಸ್ ಅಷ್ಟೇ. ಸ್ಟೇಟರ್‌ನಲ್ಲಿ ಕಬ್ಬಿಣದ ಹಲ್ಲಿಲ್ಲ, ಆದರೆ ಹೊರಗೆ ಲ್ಯಾಮಿನೇಷನ್ (ತೆಳು ಸ್ಟೀಲ್ ಶೀಟುಗಳ) ಯೋಕ್ ಇದೆ. ಇಡೀ ಮೋಟಾರ್ ಸುಮಾರು 75 ಟನ್, ಅದೇ ಶಕ್ತಿಯ ಹಳೇ ಮಾದರಿಯ ಮೋಟಾರ್ 200 ಟನ್ ದಾಟುತ್ತಿತ್ತು. ಕಬ್ಬಿಣ ಉಳಿಸಿಕೊಂಡೂ ಇಷ್ಟು ಗಳಿಸಿದರು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಹಲ್ಲಿನ ಕಬ್ಬಿಣ ಬೇರೆ, ಶೀಲ್ಡ್ ಕಬ್ಬಿಣ ಬೇರೆ. ಮೊದಲನೆಯದು ಫೀಲ್ಡನ್ನು ಕಟ್ಟಿಹಾಕುತ್ತೆ. ಎರಡನೆಯದು ಹಾಗೆ ಕಟ್ಟಿಹಾಕಲ್ಲ, ತಾಮ್ರದ ಜಾಗದಲ್ಲಿ ಫೀಲ್ಡನ್ನು ಸ್ವಲ್ಪ ಹೆಚ್ಚಿಸುತ್ತೆ ಕೂಡ.

ಸ್ಕ್ಯಾನ್_ರೂಮ್_ಹುಬ್ಬಳ್ಳಿ

ನಾನು ಎಂಆರ್‌ಐ ಟೆಕ್ನಿಷಿಯನ್, ಮೋಟಾರ್ ಬಗ್ಗೆ ಗೊತ್ತಿಲ್ಲ, ಆದರೆ ಹೊರಗಿನ ಫೀಲ್ಡ್ ಬಗ್ಗೆ ದಿನಾ ತಲೆ ಕೆಡಿಸಿಕೊಳ್ಳುತ್ತೇವೆ. ನಮ್ಮಲ್ಲಿ 5 ಗಾಸ್ ಗೆರೆ ಅಂತ ಒಂದಿದೆ, ಅಂದರೆ 0.5 ಮಿಲಿಟೆಸ್ಲಾ. ಪೇಸ್‌ಮೇಕರ್ ಇರುವವರು ಅದರೊಳಗೆ ಬರಬಾರದು. ನಮ್ಮ ರೂಮಿನಲ್ಲಿ ನೆಲದ ಮೇಲೆ ಕೆಂಪು ಪಟ್ಟಿ ಬಳಿದಿದ್ದೇವೆ. ಆ ತಂಗಿಯ ಮೋಟಾರಿಗೆ ಆ ಗೆರೆ ಎಲ್ಲಿ ಬರುತ್ತೆ? ವಿಮಾನದಲ್ಲಿ ಜನ ಕೂತಿರುತ್ತಾರಲ್ವಾ?

ತಾಮ್ರದ_ಸುರುಳಿ

ಬಹಳ ಸರಿಯಾದ ಜಾಗ ಮುಟ್ಟಿದಿರಿ. ಶೀಲ್ಡ್ ಇಲ್ಲದೆ, ತುದಿಗಳ ಸೋರಿಕೆ ಬಿಟ್ಟು ಲೆಕ್ಕ ಹಾಕೋಣ. 20 ಸೆಂಟಿಮೀಟರ್‌ನಲ್ಲಿ 1 ಟೆಸ್ಲಾ ಇದ್ದರೆ 1 ಮೀಟರ್‌ನಲ್ಲಿ ಎಷ್ಟು? ದೂರ ಐದು ಪಟ್ಟು. 4 ಪೋಲ್‌ಗೆ 8 ಮಿಲಿಟೆಸ್ಲಾ, ಅಂದರೆ 80 ಗಾಸ್. ನಿಮ್ಮ ಕೆಂಪು ಪಟ್ಟಿ ಇನ್ನೂ ಬಹಳ ಆಚೆ. 8 ಪೋಲ್‌ಗೆ ಸುಮಾರು 3 ಗಾಸ್, ಪಟ್ಟಿಯ ಆಚೆ ಬಂದ ಹಾಗೆ. 12 ಪೋಲ್‌ಗೆ ನಮ್ಮ ಭೂಮಿಯ ಕಾಂತಕ್ಷೇತ್ರಕ್ಕಿಂತ ಕಮ್ಮಿ.

ಅಂದರೆ 12 ಪೋಲ್ ಮೋಟಾರಿನಿಂದ ಕ್ಯಾಬಿನ್‌ನಲ್ಲಿ ಕೂತವರಿಗೆ ತೊಂದರೆ ಇಲ್ಲ. ತೊಂದರೆ ಇರೋದು ಪಕ್ಕದಲ್ಲೇ ಇರುವ ವಸ್ತುಗಳಿಗೆ. ಮೋಟಾರಿನ ಹೊರಮೈ, ಬೇರಿಂಗ್, ಬೋಲ್ಟ್, ಕೇಬಲ್, ಸೆನ್ಸರ್. ಈ ಫೀಲ್ಡ್ ಎಂಆರ್‌ಐನದ್ದರ ಹಾಗೆ ಸುಮ್ನೆ ನಿಂತಿಲ್ಲ, ರೋಟರ್ ಜೊತೆ ತಿರುಗುತ್ತಿದೆ. 8 ಪೋಲ್ ಅಂದರೆ 400 ಹರ್ಟ್ಸ್‌ನಲ್ಲಿ ಒಂದು ಟೆಸ್ಲಾದ ಫೀಲ್ಡ್ ಅಲ್ಯೂಮಿನಿಯಂ ಹೌಸಿಂಗ್ ಒಳಗೆ ಸುತ್ತುತ್ತೆ. ಇಂಡಕ್ಷನ್ ಒಲೆ ಹೇಗೆ ಪಾತ್ರೆ ಕಾಯಿಸುತ್ತೋ ಹಾಗೇ ಅದನ್ನು ಕಾಯಿಸುತ್ತೆ. ಶೀಲ್ಡ್ ಬೇಕಾಗಿರೋದು ಜನರಿಗಿಂತ ಮೊದಲು ಮೋಟಾರಿಗೇ.

ಪೀಣ್ಯ_ಸ್ಟ್ಯಾಂಪಿಂಗ್

ಅಣ್ಣಾ, ನಮ್ಮದು ಲ್ಯಾಮಿನೇಷನ್ ಹೊಡೆಯುವ ಪ್ರೆಸ್. 0.5 ಮತ್ತು 0.35 ಮಿಲಿಮೀಟರ್ ಶೀಟು ದಿನಾ ಹೊಡೀತೀವಿ. ಶೀಲ್ಡ್ ಅಂದರೆ ಸುಮ್ನೆ ಒಂದು ದಪ್ಪ ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪ್ ಹಾಕಿದರೆ ಆಗಲ್ವಾ? ಅದಕ್ಕೂ ಶೀಟೇ ಬೇಕಾ?

ತಾಮ್ರದ_ಸುರುಳಿ

ತಿರುಗುವ ಫೀಲ್ಡ್ ಆದ್ದರಿಂದ ಶೀಟೇ ಬೇಕು. ಗಟ್ಟಿ ಪೈಪಿನಲ್ಲಿ ಎಡ್ಡಿ ಕರೆಂಟ್ (ಬದಲಾಗುವ ಫೀಲ್ಡ್ ಲೋಹದೊಳಗೆ ಎಬ್ಬಿಸುವ ಸುಳಿ ಕರೆಂಟ್) ಹರಿದು ಕೆಂಪಗೆ ಕಾಯುತ್ತೆ. ನಿಮ್ಮ 0.5ರ ಶೀಟು ಹಡಗಿನ 16 ಹರ್ಟ್ಸ್‌ಗೆ ಧಾರಾಳ. 400 ಹರ್ಟ್ಸ್‌ಗೆ 0.2 ಅಥವಾ ಇನ್ನೂ ತೆಳು ಬೇಕಾಗುತ್ತೆ. ವಿಮಾನದವರು ಕೋಬಾಲ್ಟ್ ಸೇರಿಸಿದ ಸ್ಟೀಲ್ ಬಳಸುತ್ತಾರೆ, ಅದು 2.3 ಟೆಸ್ಲಾ ತನಕ ಹೋಗುತ್ತೆ, ಯೋಕ್ ಇನ್ನಷ್ಟು ತೆಳುವಾಗುತ್ತೆ. ಬೆಲೆ ಮಾತ್ರ ಸಿಲಿಕಾನ್ ಸ್ಟೀಲ್‌ಗೆ ಹೋಲಿಸೋ ಹಾಗೇ ಇಲ್ಲ.

ಕಬ್ಬಿಣದ ಬದಲು ತಾಮ್ರ ಅಥವಾ ಅಲ್ಯೂಮಿನಿಯಂ ಸಿಲಿಂಡರ್ ಹಾಕಿ ಎಡ್ಡಿ ಕರೆಂಟಿನಿಂದಲೇ ಫೀಲ್ಡ್ ತಡೆಯೋ ದಾರಿಯೂ ಇದೆ. ಹಗುರ ಹೌದು. ಆದರೆ ಅದು ಫೀಲ್ಡನ್ನು ವಾಪಸ್ ತಳ್ಳುತ್ತೆ, ಹಾಗಾಗಿ ತಾಮ್ರದ ವೈಂಡಿಂಗ್ ಜಾಗದಲ್ಲೂ ಫೀಲ್ಡ್ ಇಳಿಯುತ್ತೆ. ಮೇಲೆ ಅದರಲ್ಲಿ ಸದಾ ಬಿಸಿ ಹುಟ್ಟುತ್ತೆ. ನನಗೆ ಅದು ಹೊರಗಿನ ಶೀಲ್ಡ್ ಆಗಿ ಹಿಡಿಸಿದ್ದಿಲ್ಲ.

ನಿವೃತ್ತ_ಟರ್ಬೈನ್_ಹಾಲ್

ನಾನು ಥರ್ಮಲ್ ಸ್ಟೇಷನ್‌ನಲ್ಲಿ 210 ಮೆಗಾವ್ಯಾಟ್ ಸೆಟ್‌ಗಳ ಮೇಂಟೆನೆನ್ಸ್‌ನಲ್ಲಿದ್ದೆ. ರೋಟರ್ ಹೊರಗೆಳೆದಾಗ ಕೋರ್‌ನ ಎರಡೂ ತುದಿಯಲ್ಲಿ ದಪ್ಪ ತಾಮ್ರದ ಸ್ಕ್ರೀನ್ ಕಾಣುತ್ತಿತ್ತು. ಹೊಸದಾಗಿ ಸೇರಿದ ಹುಡುಗರು ಇದು ಯಾಕೆ ಅಂತ ಕೇಳುತ್ತಿದ್ದರು. ತುದಿಯ ವೈಂಡಿಂಗ್‌ನಿಂದ ಬರುವ ಫ್ಲಕ್ಸ್ ಕೋರಿನ ಮುಖಕ್ಕೆ ನೇರವಾಗಿ ಹೊಡೆದು ಕ್ಲ್ಯಾಂಪಿಂಗ್ ಪ್ಲೇಟ್ ಕಾಯಿಸದೆ ಇರಲಿ ಅಂತ. ಅಂದರೆ ಮಾಮೂಲಿ ಜನರೇಟರ್‌ನಲ್ಲೂ ಶೀಲ್ಡ್ ಇದ್ದೇ ಇತ್ತು. ಇಲ್ಲಿ ಎಲ್ಲರೂ ಸುತ್ತಲಿನ ಶೀಲ್ಡ್ ಬಗ್ಗೆ ಮಾತಾಡುತ್ತಿದ್ದೀರಿ, ತುದಿಗಳ ಕಥೆ ಏನು?

ತಾಮ್ರದ_ಸುರುಳಿ

ಸರ್, ಅದೇ ದೊಡ್ಡ ಕಥೆ. ನೀವು ಕೇಳಿದ್ದು ಒಳ್ಳೆಯದಾಯ್ತು. ಯೋಕ್ ಒಂದು ಕೊಳವೆ, ಎರಡೂ ಬಾಯಿ ತೆರೆದಿದೆ. ಕಾಯಿಲ್ ತುದಿಗಳಿಂದ ಫ್ಲಕ್ಸ್ ಆ ಬಾಯಿಂದ ಹೊರಬರುತ್ತೆ. ಎರಡು ಆಯಾಮದ ಲೆಕ್ಕದಲ್ಲಿ ಅದು ಕಾಣೋದೇ ಇಲ್ಲ.

ನಾನೇ ಪೆಟ್ಟು ತಿಂದ ಪ್ರಸಂಗ ಹೇಳುತ್ತೇನೆ. ಎಲ್ಲಿ ಅನ್ನೋದು ಬೇಡ. ಒಂದು ಸಣ್ಣ ಸೂಪರ್‌ಕಂಡಕ್ಟಿಂಗ್ ರೋಟರನ್ನು ನಿಲ್ಲಿಸಿ ಟೆಸ್ಟ್ ಮಾಡುತ್ತಿದ್ದೆವು. ಕಾಯಿಲ್ ತಣ್ಣಗೆ ಮಾಡೋಕೆ ತುದಿಯ ಹತ್ತಿರವೇ ಕ್ರಯೋಕೂಲರ್ ಕೂರಿಸಿದ್ದೆವು. ಅದರ ತಲೆಯಲ್ಲಿ ಒಂದು ಪುಟ್ಟ ಮೋಟಾರ್ ಇರುತ್ತೆ, ಒಳಗಿನ ವಾಲ್ವ್ ತಿರುಗಿಸೋಕೆ. ಓಡುವಾಗ ಗಡಿಯಾರದ ಹಾಗೆ ಒಂದೇ ತಾಳ, ಚುಕ್, ಚುಕ್, ಚುಕ್, ಸೆಕೆಂಡಿಗೊಂದು. ಗಂಟೆಗಟ್ಟಲೆ ಕೇಳಿ ಕೇಳಿ ಕಿವಿಗೆ ಅದು ಗೊತ್ತೇ ಆಗಲ್ಲ. ಕಾಯಿಲ್‌ಗೆ ಕರೆಂಟ್ ಮೆಲ್ಲಗೆ ಏರಿಸುತ್ತಾ ಹೋದೆವು. ಮುಕ್ಕಾಲು ಭಾಗ ದಾಟಿದ ಮೇಲೆ ಆ ತಾಳ ತಪ್ಪಿತು. ಚುಕ್, ಆಮೇಲೆ ಏನೂ ಇಲ್ಲ, ಆಮೇಲೆ ಎರಡು ಒಟ್ಟಿಗೆ. ನಾವೆಲ್ಲ ಒಂದೇ ಸಲ ತಲೆ ಎತ್ತಿದೆವು. ಸ್ಕ್ರೀನ್ ಮೇಲೆ ಕಾಯಿಲ್ ಉಷ್ಣತೆ 30 ಕೆಲ್ವಿನ್‌ನಿಂದ 31, 32 ಅಂತ ಏರೋಕೆ ಶುರುವಾಗಿತ್ತು. ತಕ್ಷಣ ಕರೆಂಟ್ ಇಳಿಸಿದೆವು. ಇಳಿಸಿದ ಕೂಡಲೇ ತಾಳ ಸರಿಯಾಯ್ತು.

ಕಾಯಿಲ್‌ನ ಫೀಲ್ಡೇ ತನ್ನನ್ನು ತಣ್ಣಗಿಡುವ ಯಂತ್ರದ ಮೋಟಾರನ್ನು ಹಿಡಿದು ನಿಲ್ಲಿಸಿತ್ತು. ಇನ್ನೆರಡು ನಿಮಿಷ ಬಿಟ್ಟಿದ್ದರೆ ಕಾಯಿಲ್ ಕ್ವೆಂಚ್ ಆಗಿ ಸೂಪರ್‌ಕಂಡಕ್ಟರ್ ಗುಣ ಕಳೆದುಕೊಂಡು ಸುಟ್ಟಿರುತ್ತಿತ್ತು. ಡಿಸೈನ್ ರಿಪೋರ್ಟಿನಲ್ಲಿ ಸುತ್ತಲಿನ ಶೀಲ್ಡ್ ಬಗ್ಗೆ ಪುಟಗಟ್ಟಲೆ ಇತ್ತು, ತುದಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಕ್ರಯೋಕೂಲರ್‌ನ ಆ ಪುಟ್ಟ ಮೋಟಾರಿನ ಸುತ್ತ 6 ಮಿಲಿಮೀಟರ್ ಮೈಲ್ಡ್ ಸ್ಟೀಲ್ ಡಬ್ಬಿ ಮಾಡಿಸಿ ಕೂರಿಸಿದೆವು. ಅಲ್ಲಿ ರೋಟರ್ ನಿಂತಿತ್ತು, ಫೀಲ್ಡ್ ತಿರುಗುತ್ತಿರಲಿಲ್ಲ, ಹಾಗಾಗಿ ಗಟ್ಟಿ ಸ್ಟೀಲ್ ಸಾಕಾಯ್ತು.

ಕುತೂಹಲಿ_ಶಿವಮೊಗ್ಗ

ಒಂದು ಸಾಮಾನ್ಯ ಪ್ರಶ್ನೆ. ಸೂಪರ್‌ಕಂಡಕ್ಟರ್ ಕಾಂತಕ್ಷೇತ್ರವನ್ನು ಒಳಗೆ ಬಿಡಲ್ಲ ಅಂತ ಪಿಯುಸಿಯಲ್ಲೇ ಓದಿದ್ದೇವೆ, 1933ರಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಕಂಡುಹಿಡಿದದ್ದು. ಹಾಗಿದ್ದರೆ ಅದರದ್ದೇ ಒಂದು ತಗಡು ಸುತ್ತಿದರೆ ಕಬ್ಬಿಣವೂ ಬೇಡ, ತಾಮ್ರವೂ ಬೇಡ ಅಲ್ವಾ?

ತಾಮ್ರದ_ಸುರುಳಿ

ಮೈಸ್ನರ್ ಪರಿಣಾಮ ಅಷ್ಟು ದೊಡ್ಡ ಫೀಲ್ಡಿಗೆ ನಿಲ್ಲಲ್ಲ. ಸೀಸ 0.08 ಟೆಸ್ಲಾಗೇ ಕೈಬಿಡುತ್ತೆ. ನಯೋಬಿಯಂ 0.2 ಟೆಸ್ಲಾದೊಳಗೇ ಫ್ಲಕ್ಸನ್ನು ಒಳಗೆ ಬಿಡೋಕೆ ಶುರುಮಾಡುತ್ತೆ. ನಮಗೆ ಬೇಕಾದ್ದು 1 ಟೆಸ್ಲಾದ ಮಾತು. ಅಧಿಕ ಉಷ್ಣತೆಯ ಸೂಪರ್‌ಕಂಡಕ್ಟರ್‌ಗಳು, 1986ರ ನಂತರ ಬಂದವು, ಅವು ಬೇರೆ ರೀತಿ ತಡೆಯುತ್ತವೆ. ಫೀಲ್ಡ್ ಬದಲಾದಾಗ ಮೈಮೇಲೆ ದೊಡ್ಡ ಕರೆಂಟ್ ಹರಿಸಿ ಅದನ್ನು ಒಳಗೆ ಬಿಡದ ಹಾಗೆ ಎದುರು ನಿಲ್ಲುತ್ತವೆ. ಫ್ರಾನ್ಸಿನ ನ್ಯಾನ್ಸಿಯಲ್ಲಿ ಲೊರೇನ್ ವಿಶ್ವವಿದ್ಯಾಲಯದವರು ಈ ಗುಣವನ್ನೇ ಮೋಟಾರಿನ ಮೂಲ ಮಾಡಿಕೊಂಡಿದ್ದಾರೆ. ಒಂದು ದೊಡ್ಡ ಸೂಪರ್‌ಕಂಡಕ್ಟಿಂಗ್ ಕಾಯಿಲ್ ಸುಮ್ನೆ ನಿಂತಿರುತ್ತೆ. ಅದರ ಮುಂದೆ ಗಟ್ಟಿ ಸೂಪರ್‌ಕಂಡಕ್ಟರ್ ಬಿಲ್ಲೆಗಳು ತಿರುಗುತ್ತವೆ. ಬಿಲ್ಲೆ ಎದುರಾದ ಕಡೆ ಫೀಲ್ಡ್ ಇಲ್ಲ, ಬಿಲ್ಲೆ ಇಲ್ಲದ ಕಡೆ ಇದೆ. ಕಿಟಕಿಯ ಕಂಬಿ ನೆರಳು ಗೋಡೆ ಮೇಲೆ ಓಡುವ ಹಾಗೆ ಫೀಲ್ಡ್ ಓಡುತ್ತೆ. ನನಗೆ ತುಂಬಾ ಇಷ್ಟವಾದ ಯೋಚನೆ ಅದು. ಶೀಲ್ಡೇ ಅಲ್ಲಿ ಮೋಟಾರು.

ಆದರೆ ಹೊರಗಿನ ಕವಚಕ್ಕೆ ಬಳಸಿದರೆ ಅದನ್ನೂ ತಣ್ಣಗಿಡಬೇಕು, ಮತ್ತೆ ವ್ಯಾಕ್ಯೂಮ್, ಮತ್ತೆ ಗೋಡೆ. ತಿರುಗುವ ಫೀಲ್ಡ್ ಇದ್ದರೆ ಅದರಲ್ಲೂ ಲಾಸ್ ಹುಟ್ಟುತ್ತೆ.

ಎಂಟೆಕ್_ಕೊನೇ_ಸೆಮ್

ಸರ್, ಎಂಆರ್‌ಐನಲ್ಲಿ ಆ್ಯಕ್ಟಿವ್ ಶೀಲ್ಡಿಂಗ್ ಅಂತ ಓದಿದೆ. ಹೊರಗೆ ಇನ್ನೊಂದು ಕಾಯಿಲ್, ಅದರಲ್ಲಿ ಕರೆಂಟ್ ಉಲ್ಟಾ. ಎರಡೂ ಸೇರಿ ಹೊರಗಡೆ ಸೊನ್ನೆ. ನನ್ನ ಮೋಟಾರಿಗೆ ಇದನ್ನು ಹಾಕಬಹುದಾ?

ತಾಮ್ರದ_ಸುರುಳಿ

ನಿಮ್ಮ ಈಗಿನ ಮೋಟಾರಿಗೆ ಆಗಲ್ಲ. ನಿಮ್ಮ ಫೀಲ್ಡ್ ರೋಟರ್ ಜೊತೆ ತಿರುಗುತ್ತೆ. ಹೊರಗೆ ನಿಂತಿರುವ ಡಿಸಿ ಕಾಯಿಲ್ ತಿರುಗುವ ಫೀಲ್ಡನ್ನು ಹೇಗೆ ಕಳೆಯುತ್ತೆ? ಕಳೆಯುವ ಕಾಯಿಲ್ ಮೂಲ ಕಾಯಿಲ್ ಇರುವ ಕಡೆಯೇ ಇರಬೇಕು. ಮೂಲ ತಿರುಗಿದರೆ ಇದೂ ತಿರುಗಬೇಕು, ನಡುವೆ ಸ್ಟೇಟರ್ ಅಡ್ಡ ಇದೆ.

ಹಾಗಾಗಿ ಮೋಟಾರನ್ನು ಒಳಹೊರಗು ಮಾಡಬೇಕು. ಸೂಪರ್‌ಕಂಡಕ್ಟಿಂಗ್ ಕಾಯಿಲ್ ಹೊರಗೆ ನಿಂತಿರಲಿ, ಆರ್ಮೇಚರ್, ಅಂದರೆ ತಾಮ್ರದ ವೈಂಡಿಂಗ್, ಒಳಗೆ ತಿರುಗಲಿ. ಆಗ ಮೂಲ ಕಾಯಿಲ್ ಆಚೆ ಕಳೆಯುವ ಕಾಯಿಲ್ ಇಡಬಹುದು, ಒಂದೇ ವ್ಯಾಕ್ಯೂಮ್ ಪಾತ್ರೆಯಲ್ಲಿ. ಮೂಲ ಕಾಯಿಲಿನಿಂದ ಹೊರಗೆ ಬರುವ ಫೀಲ್ಡ್ ನಿಂತ ಫೀಲ್ಡ್, ಹೌಸಿಂಗ್ ಕಾಯಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಗುಂಪು ಇಂಥ ಕಬ್ಬಿಣವಿಲ್ಲದ, ಕಾಯಿಲ್‌ನಿಂದಲೇ ಶೀಲ್ಡ್ ಆಗುವ ಯಂತ್ರಗಳ ಬಗ್ಗೆ ಬಹಳ ಕೆಲಸ ಮಾಡಿದೆ. ತಿರುಗುವ ಆರ್ಮೇಚರ್‌ಗೆ ಮೆಗಾವ್ಯಾಟ್‌ಗಟ್ಟಲೆ ಕರೆಂಟ್ ಕೊಡೋದು ಹೇಗೆ ಅನ್ನೋದು ಅದರ ಕಷ್ಟ. ತಿರುಗುವ ಭಾಗಕ್ಕೆ ಉಜ್ಜಿಕೊಂಡೇ ಕರೆಂಟ್ ದಾಟಿಸುವ ಸ್ಲಿಪ್ ರಿಂಗ್ ಬೇಕು, ಬ್ರಶ್ ಬೇಕು.

ಇನ್ನೊಂದು ಎಚ್ಚರಿಕೆ. ಕಳೆಯುವ ಕಾಯಿಲ್ ಮೂಲದ ಫೀಲ್ಡನ್ನು ಒಳಗೂ ಸ್ವಲ್ಪ ಕಳೆಯುತ್ತೆ. ಅದನ್ನು ತುಂಬೋಕೆ ಮೂಲದಲ್ಲಿ ಟೇಪ್ ಜಾಸ್ತಿ ಬೇಕು. ಎರಡನ್ನೂ ಸರಣಿಯಲ್ಲಿ ಜೋಡಿಸಿ. ಬೇರೆ ಬೇರೆ ಸಪ್ಲೈ ಕೊಟ್ಟರೆ, ಒಂದು ಕ್ವೆಂಚ್ ಆಗಿ ಇನ್ನೊಂದು ಆಗದೆ ಉಳಿದಾಗ, ಹೊರಗೆ ಸೊನ್ನೆ ಇದ್ದದ್ದು ಒಮ್ಮೆಲೇ ಮೇಲೇರುತ್ತೆ. ಹಡಗಿನಲ್ಲಿ ನಾನು ಕಣ್ಣು ಮುಚ್ಚಿ ಕಬ್ಬಿಣ ಹಾಕುತ್ತೇನೆ. ಕಬ್ಬಿಣ ಅಗ್ಗ, ಕೆಡಲ್ಲ, ಕರೆಂಟ್ ಹೋದರೂ ಕೆಲಸ ಮಾಡುತ್ತೆ. ವಿಮಾನದಲ್ಲಿ ಮಾತ್ರ ಪ್ರತಿ ಕೆಜಿಗೂ ಬೆಲೆ ಇರೋದರಿಂದ ಕಾಯಿಲ್ ಯೋಚನೆ ಮಾಡಬಹುದು.

ಗಾಳಿಗಿರಣಿ_ಗದಗ

ನಮ್ಮ ಕಡೆ ಗಾಳಿಯಂತ್ರ ಜಾಸ್ತಿ, ಅದಕ್ಕೇ ಕೇಳುತ್ತಿದ್ದೇನೆ. ಇದು ವಿಂಡ್ ಟರ್ಬೈನ್‌ನಲ್ಲಿ ಎಲ್ಲಾದರೂ ಬಂದಿದೆಯಾ? ಅಲ್ಲೂ ಇಷ್ಟೇ ತಲೆನೋವಾ?

ತಾಮ್ರದ_ಸುರುಳಿ

ಬಂದಿದೆ. ಡೆನ್ಮಾರ್ಕಿನ ಥೈಬೊರಾನ್‌ನಲ್ಲಿ ಇಕೋಸ್ವಿಂಗ್ ಅನ್ನುವ ಯುರೋಪಿನ ಪ್ರಾಜೆಕ್ಟಿನಲ್ಲಿ 3.6 ಮೆಗಾವ್ಯಾಟ್ ಜನರೇಟರ್ ಕೂರಿಸಿ 2018–19ರಲ್ಲಿ ಗ್ರಿಡ್‌ಗೆ ಕರೆಂಟ್ ಕೊಟ್ಟರು. ಅಲ್ಲಿ ಈ ಭಾಗ ಸುಲಭ. ವೇಗ ಕಮ್ಮಿ, ಪೋಲ್ ಹತ್ತಾರು, ಸ್ಟೇಟರ್ ಮಾಮೂಲಿ ಕಬ್ಬಿಣದ್ದು. ಹೊರಗಿನ ಫೀಲ್ಡ್ ಅಲ್ಲಿ ಸಮಸ್ಯೆಯೇ ಅಲ್ಲ.

ನಿವೃತ್ತ_ಟರ್ಬೈನ್_ಹಾಲ್

ನೀವು ಹೊರಗಿನದ್ದೇ ಹೇಳುತ್ತಿದ್ದೀರಿ. ಗ್ರಿಡ್‌ನಲ್ಲಿ ಶಾರ್ಟ್ ಆದಾಗ ಒಳಗಿನ ಆ ತಣ್ಣನೆಯ ಕಾಯಿಲ್‌ಗೆ ಏನಾಗುತ್ತೆ? ನಮ್ಮ ರೋಟರ್‌ಗಳಲ್ಲಿ ನೆಗೆಟಿವ್ ಸೀಕ್ವೆನ್ಸ್ (ಮೂರು ಫೇಸ್ ಸಮ ಇಲ್ಲದಾಗ ಹುಟ್ಟುವ, ಉಲ್ಟಾ ತಿರುಗುವ ಫೀಲ್ಡ್) ಬಂದರೆ ವೆಡ್ಜ್ (ವೈಂಡಿಂಗ್ ಹಿಡಿದಿಡುವ ಪಟ್ಟಿ) ಸುಟ್ಟ ಗುರುತು ನಾನೇ ಕಂಡಿದ್ದೇನೆ.

ತಾಮ್ರದ_ಸುರುಳಿ

ಸರ್, ಇದಕ್ಕೆ ಒಳಗಿನ ಶೀಲ್ಡ್. ಇದನ್ನು ನಾನೇ ಮೊದಲು ಹೇಳಬೇಕಿತ್ತು. ಎಲ್ಲ ಸರಿಯಿದ್ದಾಗ ಸ್ಟೇಟರ್ ಫೀಲ್ಡ್ ರೋಟರ್ ಜೊತೆಗೇ ತಿರುಗುತ್ತೆ. ರೋಟರ್ ಮೇಲೆ ಕೂತು ನೋಡಿದರೆ ಅದು ನಿಂತಿದೆ, ಡಿಸಿ. ಸೂಪರ್‌ಕಂಡಕ್ಟರ್‌ಗೆ ಡಿಸಿ ಅಂದರೆ ಪ್ರೀತಿ, ಎಸಿ ಅಂದರೆ ಆಗಲ್ಲ, ಬಿಸಿ ಹುಟ್ಟುತ್ತೆ. ಒಳಗೆ 20 ಕೆಲ್ವಿನ್‌ನಲ್ಲಿ 1 ವ್ಯಾಟ್ ಬಿಸಿ ತೆಗೆಯೋಕೆ ಹೊರಗೆ ಎಷ್ಟೇ ಒಳ್ಳೆಯ ಯಂತ್ರ ಇಟ್ಟರೂ 14 ವ್ಯಾಟ್ ಬೇಕೇ ಬೇಕು, ಅದು ಪ್ರಕೃತಿಯ ಲೆಕ್ಕ. ನಿಜವಾದ ಯಂತ್ರಕ್ಕೆ ಅದರ ಹಲವು ಪಟ್ಟು. 4.2 ಕೆಲ್ವಿನ್‌ನಲ್ಲಾದರೆ ಆ ಕನಿಷ್ಠವೇ 70.

ಗ್ರಿಡ್ ಸಮತೋಲ ತಪ್ಪಿದರೆ 50 ಹರ್ಟ್ಸ್ ಮೆಷಿನ್‌ನಲ್ಲಿ ನೆಗೆಟಿವ್ ಸೀಕ್ವೆನ್ಸ್ ರೋಟರ್‌ಗೆ 100 ಹರ್ಟ್ಸ್ ಆಗಿ ಕಾಣುತ್ತೆ. ಶಾರ್ಟ್ ಆದಾಗಿನ ಡಿಸಿ ಭಾಗ 50 ಹರ್ಟ್ಸ್ ಆಗಿ ಕಾಣುತ್ತೆ. ಐದನೇ ಮತ್ತು ಏಳನೇ ಹಾರ್ಮೋನಿಕ್ (ಮೂಲದ ಐದು, ಏಳು ಪಟ್ಟು ಫ್ರೀಕ್ವೆನ್ಸಿಯ ಅಲೆ) ಎರಡೂ 300 ಹರ್ಟ್ಸ್ ಆಗಿ ಬರುತ್ತವೆ. ಇವು ಕಾಯಿಲ್ ಮುಟ್ಟದ ಹಾಗೆ ರೋಟರ್ ಸುತ್ತ ಒಂದು ತಾಮ್ರದ ಕೊಳವೆ ಹಾಕಿ, ಕಾಯಿಲ್ ಜೊತೆಗೇ ತಿರುಗಿಸುತ್ತಾರೆ. 50 ಹರ್ಟ್ಸ್‌ಗೆ ತಾಮ್ರದೊಳಗೆ ಫೀಲ್ಡ್ ಇಳಿಯುವ ಆಳ 9.3 ಮಿಲಿಮೀಟರ್, 300ಕ್ಕೆ 3.8. ಅಂದರೆ ಹಾರ್ಮೋನಿಕ್ ತಡೆಯೋದು ಸುಲಭ. ಕಷ್ಟ ಇರೋದು ಮೆಲ್ಲಗೆ ಬರುವ ತೂಗಾಟಕ್ಕೆ. ಗ್ರಿಡ್ ತೊನೆದಾಗ ರೋಟರ್ ಸೆಕೆಂಡಿಗೊಮ್ಮೆ ಹಿಂದೆ ಮುಂದೆ ತೂಗುತ್ತಲ್ಲ, ಆ 1 ಹರ್ಟ್ಸ್‌ಗೆ ಆಳ 66 ಮಿಲಿಮೀಟರ್. ಅಷ್ಟು ದಪ್ಪ ತಾಮ್ರ ಯಾರು ಹಾಕುತ್ತಾರೆ? ಅದಕ್ಕೇ ದೊಡ್ಡ ಜನರೇಟರ್‌ಗಳ ಡಿಸೈನ್‌ನಲ್ಲಿ ಎರಡು ಕೊಳವೆ ಇಟ್ಟವರಿದ್ದಾರೆ. ಹೊರಗಿನದು ಬೆಚ್ಚಗೆ, ಒಳಗಿನದು ತಣ್ಣಗೆ. ತಣ್ಣನೆಯ ಶುದ್ಧ ತಾಮ್ರ ಬಹಳ ಚೆನ್ನಾಗಿ ಕರೆಂಟ್ ಹರಿಸೋದರಿಂದ ತೆಳುವಿದ್ದರೂ ತಡೆಯುತ್ತೆ. ಆದರೆ ಅದರಲ್ಲಿ ಹುಟ್ಟುವ ಬಿಸಿಯನ್ನು ತೆಗೆಯುವ ಖರ್ಚು ಮೇಲೆ ಹೇಳಿದ ಲೆಕ್ಕದಲ್ಲೇ ಬರುತ್ತೆ.

ಶಾರ್ಟ್ ಆದಾಗ ಈ ಕೊಳವೆ ಮೇಲೆ ಬೀಳುವ ಬಲ ಭಯಂಕರ. 2 ಪೋಲ್ ಮೆಷಿನ್‌ನಲ್ಲಿ ಅದನ್ನು ಹಿಚುಕಿ ಮೊಟ್ಟೆಯಾಕಾರ ಮಾಡುವಷ್ಟು. ಬರೀ ತಾಮ್ರ ತಾಳಲ್ಲ, ಗಟ್ಟಿ ಸ್ಟೀಲಿನ ಕೊಳವೆ ಬೆಂಬಲ ಬೇಕು. ಜಪಾನಿನವರು 70 ಮೆಗಾವ್ಯಾಟ್ ವರ್ಗದ ಸೂಪರ್‌ಕಂಡಕ್ಟಿಂಗ್ ಜನರೇಟರ್‌ಗಳನ್ನು 1997ರಿಂದ 1999ರ ತನಕ ಒಸಾಕಾದಲ್ಲಿ ಟೆಸ್ಟ್ ಮಾಡಿದರು, 79 ಮೆಗಾವ್ಯಾಟ್ ತನಕ ಹೋದರು. ನಾವೆಲ್ಲ ಆ ಕೆಲಸ ಓದಿಯೇ ಬೆಳೆದವರು. ಇನ್ನೊಂದು ಮಾತು, ಈ ಕೊಳವೆ ಎರಡೂ ಕಡೆ ತಡೆಯುತ್ತೆ. ಫೀಲ್ಡ್ ಕರೆಂಟ್ ಬೇಗ ಏರಿಸಿ ವೋಲ್ಟೇಜ್ ಎತ್ತೋಣ ಅಂದರೆ ಅದಕ್ಕೂ ಬಿಡಲ್ಲ.

ನಿವೃತ್ತ_ಟರ್ಬೈನ್_ಹಾಲ್

ಅರ್ಥ ಆಯ್ತು. ಫೋರ್ಸಿಂಗ್ (ಹಾಗೆ ಫೀಲ್ಡ್ ಕರೆಂಟ್ ಬೇಗ ಏರಿಸೋದು) ನಿಧಾನ ಅಂದರೆ ಆಪರೇಟರ್‌ಗೆ ಕಷ್ಟ. ಆದರೆ ಕೋರ್ ಹಲ್ಲಿಲ್ಲದ ಮೆಷಿನ್‌ನ ರಿಯಾಕ್ಟೆನ್ಸ್ (ಎಸಿ ಕರೆಂಟ್‌ಗೆ ವೈಂಡಿಂಗ್ ಒಡ್ಡುವ ತಡೆ) ಕಮ್ಮಿ ಇರಬೇಕು, ಅದೇ ಗ್ರಿಡ್ ಹಿಡಿದುಕೊಳ್ಳುತ್ತೆ ಅಲ್ವಾ?

ತಾಮ್ರದ_ಸುರುಳಿ

ಹೌದು ಸರ್, ಸರಿಯಾಗಿ ಹೇಳಿದಿರಿ. ಅದಕ್ಕೇ ಫೋರ್ಸಿಂಗ್ ಬೇಕಾಗುವ ಸಂದರ್ಭವೇ ಕಮ್ಮಿ. ಬದಲಿಗೆ ಶಾರ್ಟ್ ಕರೆಂಟ್ ಜಾಸ್ತಿ.

ಎಂಟೆಕ್_ಕೊನೇ_ಸೆಮ್

ಎಲ್ಲರಿಗೂ ಧನ್ಯವಾದ. ಮೂರು ದಿನ ಕೂತು ಮತ್ತೆ ಲೆಕ್ಕ ಮಾಡಿದೆ. 8 ಪೋಲ್ ಮಾಡಿದ್ದೇನೆ. ಟೇಪ್ ಜಾಸ್ತಿ ಸುತ್ತಿದರೂ 20 ಸೆಂಟಿಮೀಟರ್‌ನಲ್ಲಿ ಫೀಲ್ಡ್ 0.7 ಟೆಸ್ಲಾಗೆ ಇಳಿಯಿತು. ಕೋಬಾಲ್ಟ್ ಸ್ಟೀಲ್ 0.2 ಮಿಲಿಮೀಟರ್ ಶೀಟಿನ ಯೋಕ್, ಒಂದೂವರೆ ಸೆಂಟಿಮೀಟರ್ ದಪ್ಪ ಇಟ್ಟೆ. ಸ್ವಲ್ಪ ಸೋರುತ್ತೆ, ಅದನ್ನು ಹೌಸಿಂಗ್ ಕಾರ್ಬನ್ ಫೈಬರ್ ಮಾಡಿ ಸಹಿಸಿಕೊಂಡೆ. ಒಳಗೆ ರೋಟರ್ ಮೇಲೆ ತಾಮ್ರದ ಕೊಳವೆ ಸೇರಿಸಿದೆ, ಇನ್ವರ್ಟರ್ ಹಾರ್ಮೋನಿಕ್‌ಗಾಗಿ. ಅದಕ್ಕೆ ಗ್ಯಾಪ್ 3 ಮಿಲಿಮೀಟರ್ ಜಾಸ್ತಿ ಆಯ್ತು. ಗೈಡ್‌ಗೆ ತೋರಿಸಿದೆ. "ಈಗ ಮೋಟಾರ್ ತರ ಕಾಣುತ್ತೆ" ಅಂದರು.

ತಾಮ್ರದ_ಸುರುಳಿ

ಬಹಳ ಖುಷಿಯಾಯ್ತು. ಕಾರ್ಬನ್ ಫೈಬರ್ ಕೂಡ ಸ್ವಲ್ಪ ಕರೆಂಟ್ ಹರಿಸುತ್ತೆ, ಅದರ ಲಾಸ್ ಒಮ್ಮೆ ನೋಡಿ. ಬೇಕಾದರೆ ಗ್ಲಾಸ್ ಫೈಬರ್ ಹಾಕಿ. ಕ್ರಯೋಕೂಲರ್ ತಲೆ ಎಲ್ಲಿಟ್ಟಿದ್ದೀರಿ?

ಎಂಟೆಕ್_ಕೊನೇ_ಸೆಮ್

ಶಾಫ್ಟಿನ ತುದಿಯಲ್ಲಿ, ಸರ್. ಯೋಕ್ ಬಾಯಿಂದ 12 ಸೆಂಟಿಮೀಟರ್ ದೂರ.

ತಾಮ್ರದ_ಸುರುಳಿ

ಅಲ್ಲಿ ಎಷ್ಟು ಫೀಲ್ಡ್ ಬರುತ್ತೆ?

ಎಂಟೆಕ್_ಕೊನೇ_ಸೆಮ್

ಇನ್ನೂ ಎರಡು ಆಯಾಮದಲ್ಲೇ ಇದ್ದೇನೆ ಸರ್. ಇವತ್ತು ರಾತ್ರಿಯೇ ಮೂರು ಆಯಾಮದ ಮಾಡೆಲ್ ಓಡಿಸೋಕೆ ಹಾಕುತ್ತೇನೆ, ತುದಿ ಸಮೇತ. ಬೆಳಿಗ್ಗೆ ಅಂಕಿ ಹಾಕುತ್ತೇನೆ ಇಲ್ಲೇ.